ಬಿಲ್ಲೆಯೂ ರೂಪಾಯಿಯೂ

(ರಾಜ್ಯೋತ್ಸವದ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಿಗೆ ಈ ವೇದಿಕೆಯ ಮೇಲೆ ಏನು ಕೆಲಸವೆಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನಮಗೂ ಹಾಗೆಯೇ ಅನಿಸಿತು. ಆದರೆ ಹಳೆಯ ನಾಣ್ಯ ಕೂಡಿಹಾಕುವ ನಮ್ಮ ಚಪಲ ಕಾರ್ಯದರ್ಶಿಗಳಿಗೆ ಹೇಗೋ ತಿಳಿದು, ಅದನ್ನು ಕುರಿತೇ ನಾಲ್ಕು ಮಾತಾಡಬೇಕೆಂದು ಅಪ್ಪಣೆ ಮಾಡಿದರು. ನಾವು ಓದಿದ್ದು ಬಿ.ಕಾಂ.; ಇತಿಹಾಸದ ಪಂಡಿತರಲ್ಲ. ಲೆಕ್ಕದವರು ಹೇಳಬಹುದಾದಷ್ಟನ್ನೇ ಹೇಳುತ್ತೇವೆ.

ನಾವು ಹುಡುಗರಾಗಿದ್ದಾಗ ತಂದೆಯವರ ಸಂಗಡ ಬ್ಯಾಂಕಿಗೆ ಹೋಗುತ್ತಿದ್ದೆವು. ಚೆಕ್ಕು ಕೊಟ್ಟವರಿಗೆ ಸಂಖ್ಯೆ ಕೊರೆದ ಒಂದು ಹಿತ್ತಾಳೆಯ ಬಿಲ್ಲೆಯನ್ನು ಕೊಡುತ್ತಿದ್ದರು. ಟೋಕನ್ ಎನ್ನುತ್ತಿದ್ದುದು ಅದನ್ನೇ. ಸರದಿ ಬಂದಾಗ ಅದನ್ನು ಒಪ್ಪಿಸಿದರೆ ಹಣ. ಆ ಬಿಲ್ಲೆಗೆ ಆ ಬ್ಯಾಂಕಿನ ಕಿಟಕಿಯಲ್ಲಿ ಮಾತ್ರ ಬೆಲೆ. ಎದುರಿನ ಕಿರಾಣಿ ಅಂಗಡಿಯಲ್ಲಿ ಅದು ಬರಿಯ ಹಿತ್ತಾಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಲಂಬೊ ಪಟ್ಟಣದ ಕಾಫಿ ಕಂಪನಿಗಳು ಕೂಲಿಯವರಿಗೆ ಕೊಡುತ್ತಿದ್ದ ಹೆಸರು ಮುದ್ರಿಸಿದ ಬಿಲ್ಲೆಗಳೂ ಇದೇ ಜಾತಿಯವು. ಆದ್ದರಿಂದ ಹಳೆಯ ತುಣುಕೊಂದು ಕೈಗೆ ಬಂದಾಗ ನಾವು ಮೊದಲು ಕೇಳಿಕೊಳ್ಳುವುದು ಅದರ ವಯಸ್ಸನ್ನಲ್ಲ. ಇದನ್ನು ಮರಳಿ ಒಪ್ಪಿಸಿದ್ದರೆ ಹಣ ಕೊಡಬೇಕಾಗಿದ್ದವರು ಯಾರು? ಈ ಪ್ರಶ್ನೆಗೆ ಉತ್ತರವಿದ್ದರೆ ಅದು ನಾಣ್ಯ, ಇಲ್ಲವೆ ಬಿಲ್ಲೆ. ಉತ್ತರವೇ ಇಲ್ಲದಿದ್ದರೆ ಎಚ್ಚರವಾಗಿರಬೇಕು.

ಕೆಲವು ವರ್ಷಗಳ ಹಿಂದೆ ಕಲಬುರಗಿ ಕಡೆಯ ವೃದ್ಧೆಯೊಬ್ಬರು ನಮ್ಮ ಕೌಂಟರಿಗೆ ಬಂದರು. ಕನ್ನಡ ಕಿವಿಗೆ ಬಿದ್ದೊಡನೆ ಅವರ ಮುಖ ಅರಳಿತು.

"ತಮ್ಮಾ, ಈ ಎಫ್.ಡಿ. ಮುರದು ಕೊಡಪ್ಪಾ. ಹದಿನೈದು ಸಾವಿರ ಮೊದಲ ಕಟ್ಟಿದ್ರ ಐದು ಲಕ್ಷ ಕೊಡ್ತಾರಂತ," ಎಂದರು.

"ಯಾರು ಕೊಡ್ತಾರ ಆಯಿ?"

ಫೋನಿನಲ್ಲಿ ಯಾರೋ ಮಾತಾಡಿದ್ದರಂತೆ. ಆಕೆ ಸೆರಗಿನ ಗಂಟು ಬಿಚ್ಚಿ ಒಂದು ತಾಮ್ರದ ತುಣುಕನ್ನು ಮುಂದಿಟ್ಟರು. ಒಂದು ಮುಖದಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದರಲ್ಲಿ ಈಸ್ಟ್ ಇಂಡಿಯಾ ಕಂಪನಿ, ಯು.ಕೆ.ಎಲ್., ಒನ್ ಆಣಾ, 1818 ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಜುಮ್ಮೇರಾತ್ ಬಜಾರಿನಲ್ಲಿ ಇಂಥವನ್ನು ನಾವು ಬೊಗಸೆಗಟ್ಟಲೆ ನೋಡಿದ್ದೇವೆ. ಕಂಪನಿ ಇಂಥ ನಾಣ್ಯವನ್ನು ಹೊಡೆದೇ ಇಲ್ಲ. 1818ರಲ್ಲಿ ಬಂಗಾಳ, ಮದರಾಸು, ಮುಂಬಯಿಗಳ ನಾಣ್ಯಗಳು ಬೇರೆ ಬೇರೆ. ಕಂಪನಿಯ ಸೀಮೆಗೆಲ್ಲ ಒಂದೇ ಮಾದರಿ ಬಂದದ್ದು 1835ರಲ್ಲಿ. ದೇವರ ಚಿತ್ರದ ರಾಮಟಂಕೆಗಳೇನೋ ಹಿಂದಿನಿಂದ ಉಂಟು. ಅವು ಯಾತ್ರಾಸ್ಥಳಗಳಲ್ಲಿ ಪೂಜೆಗೆಂದು ಕೊಳ್ಳುತ್ತಿದ್ದ ಬಿಲ್ಲೆಗಳು. ಅದರ ಮೇಲೆ ಕಂಪನಿಯ ಹೆಸರನ್ನು ಅಂಟಿಸಿದವರು ಈಚಿನ ಚತುರರು.

ಹೇಳುವುದು ಸುಲಭ, ಒಪ್ಪಿಸುವುದು ಕಷ್ಟ. ಐದು ಲಕ್ಷದ ಕನಸನ್ನು ಕಿತ್ತುಕೊಂಡವರು ನಾವೇ ಎಂಬಂತೆ ಆಕೆ ನಮ್ಮನ್ನು ನೋಡಿದರು. 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು, ತಾನು ಹಳೆಯ ನಾಣ್ಯ ನೋಟುಗಳ ವ್ಯಾಪಾರದಲ್ಲಿ ಇಲ್ಲ, ಅದಕ್ಕಾಗಿ ಶುಲ್ಕವನ್ನೂ ಕೇಳುವುದಿಲ್ಲ ಎಂದು ಪ್ರಕಟಣೆ ಹೊರಡಿಸಿದ್ದುಂಟು. ಅದನ್ನು ಓದಿ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಇದೂ ಸುಳ್ಳೇನು?" ಎಂದು ಅದೇ ಗಂಟಿನಿಂದ ಕಪ್ಪಾದ ಬೆಳ್ಳಿಯ ತುಣುಕೊಂದನ್ನು ತೆಗೆದರು.

ಅದು ಸುಳ್ಳಲ್ಲ. ಚಾರ್ಮಿನಾರಿನ ಚಿತ್ರ, ನಡುವಿನ ಬಾಗಿಲಲ್ಲಿ ಉರ್ದುವಿನ 'ಐನ್' ಅಕ್ಷರ: ಉಸ್ಮಾನ್ ಅಲಿ ಖಾನರ ಹೆಸರಿನ ಮೊದಲಕ್ಷರ. ಅವರ ತಂದೆ ಮಹಬೂಬ್ ಅಲಿ ಖಾನರ ಚಾರ್ಮಿನಾರಿನಲ್ಲಾದರೆ 'ಮೀಮ್' ಇರುತ್ತದೆ. ಇಸವಿ 1330. "ಏಳುನೂರು ವರ್ಷದ್ದಂತ" ಎಂದರು ಆಯಿ. ಉರ್ದು ಅಂಕಿ ಓದಬಲ್ಲವರೂ ಎಡವುವುದು ಇಲ್ಲಿಯೇ. ಅದು ಹಿಜರಿ ವರ್ಷ; ನಮ್ಮ ಲೆಕ್ಕಕ್ಕೆ 1911-12. ಹಾಲಿ ಸಿಕ್ಕಾ ಎಂದು ನಮ್ಮ ಹಿರಿಯರು ಸಂಬಳ, ಕಂದಾಯ, ಸಂತೆ ಎಲ್ಲವನ್ನೂ ನಡೆಸಿದ್ದು ಈ ರೂಪಾಯಿಯಲ್ಲಿ. ಬ್ರಿಟಿಷರ ರೂಪಾಯಿಗೆ ಕಲ್ದಾರ್ ಎಂದು ಹೆಸರು. ಏಳು ಹಾಲಿಗೆ ಆರು ಕಲ್ದಾರ್ ಎಂಬ ಲೆಕ್ಕವನ್ನು ಬೀದರ, ರಾಯಚೂರು, ಕಲಬುರಗಿ ಕಡೆಯ ಮನೆಗಳಲ್ಲಿ ತಾವೂ ಕೇಳಿರಬಹುದು.

ಈ ಏಳು-ಆರು ಎಲ್ಲಿಂದ ಬಂತೆಂದು ನಾವು ಒಂದು ರಾತ್ರಿ ಕುಳಿತು ಲೆಕ್ಕ ಹಾಕಿದೆವು. ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ನೂರಕ್ಕೆ 81.8 ಪಾಲು ಬೆಳ್ಳಿ. ಕಲ್ದಾರ್ 11.66 ಗ್ರಾಂ, ಬೆಳ್ಳಿ ನೂರಕ್ಕೆ 91.7. ಏಳು ಹಾಲಿಯಲ್ಲಿ ಬೆಳ್ಳಿ 64 ಗ್ರಾಂ, ಆರು ಕಲ್ದಾರಿನಲ್ಲಿ 64 ಗ್ರಾಂ ಚಿಲ್ಲರೆ! ನಮಗೆ ಆದ ಸಂತೋಷ ಮನೆಯವರಿಗೆ ಅರ್ಥವಾಗಲಿಲ್ಲ. ದೀಪ ಆರಿಸಿ ಮಲಗಿರೆಂದರು. (ಯುದ್ಧಕಾಲದಲ್ಲಿ ಎರಡರಲ್ಲಿಯೂ ಬೆಳ್ಳಿ ಅರ್ಧಕ್ಕೆ ಇಳಿಯಿತು, ಆ ರೂಪಾಯಿಗಳಿಗೆ ಈ ಲೆಕ್ಕ ಬೇಡ.) ಅಕ್ಕಸಾಲಿಗರ ಸಣ್ಣ ತಕ್ಕಡಿಯೊಂದಿದ್ದರೆ ಎರಕದ ನಕಲಿಗಳಲ್ಲಿ ಬಹಳಷ್ಟು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಲೋಹಕ್ಕಿಂತ ಕಾಗದದ ಮೇಲೆ ನಮಗೆ ಮಮತೆ ಹೆಚ್ಚು. 1918ರಿಂದ ಹೊರಟ ನಿಜಾಮರ ನೋಟುಗಳಲ್ಲಿ ಮೊತ್ತವನ್ನು ಉರ್ದುವಿನ ಜೊತೆಗೆ ಮರಾಠಿ, ತೆಲುಗು, ಕನ್ನಡಗಳಲ್ಲಿಯೂ ಬರೆಯುತ್ತಿದ್ದರು. ಈ ಊರಿನಲ್ಲಿ ಕನ್ನಡ ನಿನ್ನೆ ಮೊನ್ನೆ ರೈಲಿನಿಂದ ಇಳಿದದ್ದಲ್ಲ. ಇನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ಒಂದು ಕಡೆ ಆನೆ, ಇನ್ನೊಂದು ಕಡೆ ಕನ್ನಡದಲ್ಲಿ 'ಮಯಿಲಿ ಕಾಸು', ಇಂಗ್ಲಿಷಿನಲ್ಲಿ 'ಕ್ಯಾಶ್'. ಆ 'ಕ್ಯಾಶ್' ನಮ್ಮ 'ಕಾಸು'ವೇ. ನಮ್ಮ ಕೌಂಟರಿನ ಮೇಲಿನ 'ಕ್ಯಾಶ್' ಮಾತ್ರ ಬೇರೆ ಮೂಲದ್ದೆಂದು ಪಂಡಿತರು ಹೇಳುತ್ತಾರೆ. ನಮಗೆ ಸ್ವಲ್ಪ ನಿರಾಶೆಯಾಯಿತು.

ನಾವು ಮಾಡಿದ ಒಂದು ಅಪರಾಧವನ್ನೂ ಒಪ್ಪಿಕೊಳ್ಳಬೇಕು. ಹೈಸ್ಕೂಲಿನಲ್ಲಿದ್ದಾಗ ಅಜ್ಜನ ಪೆಟ್ಟಿಗೆಯಲ್ಲಿದ್ದ ಆನೆಯ ಕಾಸೊಂದನ್ನು ಹುಣಿಸೆಹಣ್ಣು, ರಂಗೋಲಿ ಪುಡಿ ಹಚ್ಚಿ ತಿಕ್ಕಿದೆವು. ಕಾಸು ಫಳಫಳನೆ ಹೊಳೆಯಿತು. ಆನೆಯ ಕಣ್ಣು, ಬಾಲ, ಅಕ್ಷರದ ಅರ್ಧ ನೀರಿನಲ್ಲಿ ಹೋದವು. ತಾಮ್ರದ ಮೇಲಿನ ಆ ಕಂದುಬಣ್ಣ ಕೊಳೆಯಲ್ಲ, ನಾಣ್ಯದ ಚರ್ಮ. ಮಕ್ಕಳು ವಿದೇಶದಲ್ಲಿರುವವರಿಗೆ ಇನ್ನೊಂದು ಮಾತು: ನೂರು ವರ್ಷ ಮೀರಿದ ನಾಣ್ಯವನ್ನು ಉಡುಗೊರೆಯೆಂದು ಹೊರದೇಶಕ್ಕೆ ಒಯ್ಯುವಂತಿಲ್ಲ, 1972ರ ಕಾಯಿದೆ ತಡೆಯುತ್ತದೆ.

ಆಯಿಯ ಠೇವಣಿ ಮುರಿಯಲಿಲ್ಲ. "ಈ ಹಾಲಿ ರೂಪಾಯಿ ನಿಮ್ಮ ಬ್ಯಾಂಕಿನಾಗ ಈಗ ನಡೀತದೇನು?" ಎಂದು ಕೇಳಿದರು. 1959ಕ್ಕೇ ಚಲಾವಣೆ ನಿಂತಿತು ಆಯಿ, ಬೆಳ್ಳಿಯ ಬೆಲೆ ಬರುತ್ತದೆ, ಇಷ್ಟಪಡುವವರು ಸ್ವಲ್ಪ ಹೆಚ್ಚೂ ಕೊಟ್ಟಾರು ಎಂದೆವು. ಅದು ಆಕೆಯ ಗಂಡನ ಮೊದಲ ಸಂಬಳದ್ದಂತೆ. ಮತ್ತೆ ಗಂಟು ಹಾಕಿಕೊಂಡರು. ರಾಮದೇವರ ಬಿಲ್ಲೆಯನ್ನು ಮಾತ್ರ ಕೌಂಟರಿನ ಮೇಲೆಯೇ ಬಿಟ್ಟು ಹೊರಟಿದ್ದರು. ನಾವು ಕೂಗಿ ಕರೆದು ಕೊಟ್ಟೆವು; ದೇವರ ಮನೆಯಲ್ಲಿಡಲು ಅದಕ್ಕೇನೂ ಅಡ್ಡಿಯಿಲ್ಲವಷ್ಟೆ.

ಚಹಾ ಮುಗಿದ ಮೇಲೆ ಆ ಮೂಲೆಯ ಮೇಜಿನ ಬಳಿ ತಕ್ಕಡಿ ಹಿಡಿದು ಕುಳಿತಿರುತ್ತೇವೆ. ತಮ್ಮ ಗಂಟುಗಳಲ್ಲಿ ಏನಾದರೂ ಇದ್ದರೆ ತನ್ನಿ. ದಯವಿಟ್ಟು ತೊಳೆದು ತರಬೇಡಿ.