ಉಣ್ಣಿ ಕಚ್ಚಿದ ಮೇಲೆ ಬರುವ ಜ್ವರ: ಗುರುತಿಸುವ ಬಗೆ ಮತ್ತು ಚಿಕಿತ್ಸೆ

(ಖಟಕ ಚಿಂಚೋಳಿ ಹೋಬಳಿಯ ರೈತರಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯ ಸುತ್ತಮುತ್ತ ದನ, ಎಮ್ಮೆ, ಆಡುಗಳಿಲ್ಲದ ರೈತನ ಮನೆ ಅಪರೂಪ. ದನವಿದ್ದಲ್ಲಿ ಉಣ್ಣಿಯೂ ಇರುತ್ತದೆ. ಇದನ್ನೇ ಕೆಲವೆಡೆ ಉಣ್ಣೆ ಎಂದೂ, ಮಲೆನಾಡಿನಲ್ಲಿ ಉಣುಗು ಎಂದೂ, ಮರಾಠಿ ಮಾತನಾಡುವ ಮನೆಗಳಲ್ಲಿ ಗೋಚಿಡ ಎಂದೂ ಕರೆಯುತ್ತಾರೆ. ಉಣ್ಣಿ ದನದ ರಕ್ತ ಹೀರುತ್ತದೆ, ಹಾಲು ಕಡಿಮೆ ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದೇ ಉಣ್ಣಿ ಮನುಷ್ಯನನ್ನು ಕಚ್ಚಿದಾಗ ಏನಾಗಬಹುದು, ಆಗ ಏನು ಮಾಡಬೇಕು ಎಂಬುದು ಅಷ್ಟಾಗಿ ತಿಳಿದಿಲ್ಲ. ಕಿತ್ತು ಎಸೆದು, ತುರಿಸಿಕೊಂಡು, ಮರೆತುಬಿಡುವುದೇ ರೂಢಿ. ಹತ್ತು ಹನ್ನೆರಡು ದಿನದ ಮೇಲೆ ಜ್ವರ ಬಂದರೆ ಉಣ್ಣಿಯ ನೆನಪು ಯಾರಿಗೂ ಇರುವುದಿಲ್ಲ. ಈ ಮರೆವಿನಿಂದಲೇ ಸುಲಭವಾಗಿ ವಾಸಿಯಾಗುವ ಜ್ವರ ಎಷ್ಟೋ ಸಲ ಪ್ರಾಣಕ್ಕೆ ಸಂಚಕಾರ ತರುತ್ತದೆ.

ಉಣ್ಣಿಯ ಬದುಕು

ಉಣ್ಣಿ ಕೀಟವಲ್ಲ, ಜೇಡ, ಚೇಳುಗಳ ಸಂಬಂಧಿ. ಬೆಳೆದ ಉಣ್ಣಿಗೆ ಎಂಟು ಕಾಲುಗಳು. ರಕ್ತ ಕುಡಿದು ಹುಣಿಸೆ ಬೀಜದಂತೆ ಉಬ್ಬಿದ ಹೆಣ್ಣು ಉಣ್ಣಿ ದನದ ಮೈಯಿಂದ ಉದುರಿ, ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ, ಕಲ್ಲಿನ ಸಂದಿಯಲ್ಲಿ ಅಥವಾ ಕಸದ ಕೆಳಗೆ ಸೇರಿ ಎರಡು ಮೂರು ಸಾವಿರ ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಮೊಟ್ಟೆಯೊಡೆದು ಬರುವ ಮರಿಗೆ ಆರೇ ಕಾಲು. ಅದು ರಕ್ತ ಕುಡಿದು ಎಂಟು ಕಾಲಿನ ಎಳೆ ಉಣ್ಣಿಯಾಗುತ್ತದೆ. ಮತ್ತೆ ರಕ್ತ ಕುಡಿದು ದೊಡ್ಡದಾಗುತ್ತದೆ. ಎಳೆ ಉಣ್ಣಿ ಎಳ್ಳಿನ ಕಾಳಿಗಿಂತ ದೊಡ್ಡದಲ್ಲ. ಕಚ್ಚಿದರೂ ನೋವಾಗದು. ಆದ್ದರಿಂದ ಉಣ್ಣಿ ಕಚ್ಚಿದ್ದೇ ತಿಳಿಯದ ರೋಗಿಗಳು ಬಹಳ.

ಲೈಮ್ ರೋಗ ಎಂದರೇನು?

ಉಣ್ಣಿಯಿಂದ ಬರುವ ರೋಗಗಳಲ್ಲಿ ಇಂದು ಹೆಚ್ಚಾಗಿ ಕಿವಿಗೆ ಬೀಳುವ ಹೆಸರು ಲೈಮ್ ರೋಗ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಸುತ್ತ 1975ರ ಸುಮಾರಿಗೆ ಅನೇಕ ಮಕ್ಕಳಿಗೆ ಮೊಣಕಾಲು ಬಾವು ಕಾಣಿಸಿಕೊಂಡಿತು. ಅದರ ತನಿಖೆಯಿಂದ ರೋಗಕ್ಕೆ ಆ ಊರಿನ ಹೆಸರು ಬಂತು. ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಉಣ್ಣಿಯ ಹೊಟ್ಟೆಯಲ್ಲಿ ಕಂಡ ಸುರುಳಿ ಆಕಾರದ ರೋಗಾಣುವಿನ ವಿವರವನ್ನು 1982ರಲ್ಲಿ ಪ್ರಕಟಿಸಿದರು.

ಈ ರೋಗದ ಮುಖ್ಯ ಗುರುತು ಚರ್ಮದ ಮೇಲಿನ ಕೆಂಪು ಬಳೆ. ಕಚ್ಚಿದ 3ರಿಂದ 30 ದಿನಗಳೊಳಗೆ ಅಲ್ಲಿ ಕೆಂಪು ಕಲೆ ಮೂಡಿ, ದಿನದಿಂದ ದಿನಕ್ಕೆ ಅಗಲವಾಗುತ್ತಾ ಅಂಗೈಯಷ್ಟಾಗುತ್ತದೆ. ಕೆಲವೊಮ್ಮೆ ನಡುವೆ ತಿಳಿಯಾಗಿ ಸುತ್ತ ಬಳೆಯಂತೆ ಕಾಣುತ್ತದೆ. ಸಾಮಾನ್ಯವಾಗಿ ಹೆಚ್ಚು ತುರಿಕೆ, ನೋವು ಇರುವುದಿಲ್ಲ. ಜೊತೆಗೆ ಜ್ವರ, ಮೈಕೈ ನೋವು, ಆಯಾಸ. ಔಷಧ ಮಾಡದಿದ್ದರೆ ಮುಂದೆ ಮುಖದ ಒಂದು ಪಕ್ಕ ಸೋಲುವುದು, ಎದೆಬಡಿತ ಏರುಪೇರಾಗುವುದು, ಮೊಣಕಾಲು ಊದುವುದು ಉಂಟು. ಕಚ್ಚಿದ ಮರುದಿನವೇ ಕಾಣುವ, ನಾಣ್ಯಕ್ಕಿಂತ ಚಿಕ್ಕದಾದ ಕೆಂಪು ಬಾವು ಲೈಮ್ ಅಲ್ಲ. ಅದು ಉಣ್ಣಿಯ ಜೊಲ್ಲಿಗೆ ಚರ್ಮ ತೋರುವ ಪ್ರತಿಕ್ರಿಯೆ. ಎರಡು ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ.

ಲೈಮ್ ಹರಡುವ ಉಣ್ಣಿಯ ಜಾತಿಯೇ ಬೇರೆ. ಅದಕ್ಕೆ ತಂಪಾದ, ತೇವದ ಕಾಡು ಬೇಕು. ನಮ್ಮ ರಾಜ್ಯದಲ್ಲಿ ನಾಗರಹೊಳೆ, ಬಂಡೀಪುರ ಕಾಡಿನ ಕಡೆಯಿಂದ ಈ ರೋಗದ ವರದಿಗಳು ಬಂದಿವೆ. ಬೀದರ ಜಿಲ್ಲೆಯ ಬಯಲು ಸೀಮೆ ಆ ಉಣ್ಣಿಯ ತವರಲ್ಲ. ಆದ್ದರಿಂದ ಇಲ್ಲಿ ಉಣ್ಣಿ ಕಚ್ಚಿದೊಡನೆ ಲೈಮ್ ಎಂದು ಹೆದರಬೇಕಾಗಿಲ್ಲ. ಅಂಥ ಕಾಡುಗಳಿಗೆ ಕೆಲಸಕ್ಕೆ ಹೋಗಿ ಬಂದವರು, ಅಮೆರಿಕ ಅಥವಾ ಯುರೋಪಿನಲ್ಲಿರುವ ಮಕ್ಕಳನ್ನು ನೋಡಿ ಬಂದವರು ಮಾತ್ರ ಕೆಂಪು ಬಳೆಯ ಗುರುತನ್ನು ನೆನಪಿಡಬೇಕು.

ನಮ್ಮ ಸೀಮೆಯಲ್ಲಿ ಎಚ್ಚರ ವಹಿಸಬೇಕಾದ ಜ್ವರಗಳು

ಹಾಗಾದರೆ ಇಲ್ಲಿನ ರೈತನಿಗೆ ಅಪಾಯವಿಲ್ಲವೆ? ಇದೆ. ಅದರ ಹೆಸರು ಬೇರೆ.

ಮೊದಲನೆಯದು ಉಣ್ಣಿ ಟೈಫಸ್. ನಾಯಿಯ ಮೈಮೇಲಿನ ಕಂದು ಉಣ್ಣಿ ಇದರ ಮುಖ್ಯ ವಾಹಕ. ಕಚ್ಚಿದ ಸುಮಾರು ಒಂದರಿಂದ ಎರಡು ವಾರದಲ್ಲಿ ಏಕಾಏಕಿ ಜ್ವರ, ತಡೆಯಲಾರದ ತಲೆನೋವು, ಮೈಕೈ ನೋವು ಬರುತ್ತವೆ. ಜ್ವರದ ಮೂರನೆಯ ಇಲ್ಲವೆ ನಾಲ್ಕನೆಯ ದಿನ ಮೈಮೇಲೆ ಕೆಂಪು ಗುಳ್ಳೆಗಳು ಏಳುತ್ತವೆ. ಅಂಗೈ, ಅಂಗಾಲುಗಳಲ್ಲಿಯೂ ಗುಳ್ಳೆ ಕಂಡರೆ ಈ ರೋಗದ ಸಂಶಯ ಬಲವಾಗಬೇಕು. ಮಕ್ಕಳಲ್ಲಿ ಇದನ್ನು ಗೊಬ್ಬರವೆಂದು ತಿಳಿದು ಬೇವಿನ ಸೊಪ್ಪು ಕಟ್ಟಿ ಕೂರುವುದು ಅಪಾಯ.

ಎರಡನೆಯದು ಸ್ಕ್ರಬ್ ಟೈಫಸ್. ಇದನ್ನು ತರುವುದು ಉಣ್ಣಿಯಲ್ಲ. ಅದರ ಸಂಬಂಧಿಯಾದ ನುಸಿಯ ಮರಿ. ಹುಲ್ಲು, ಪೊದೆ, ಬದುಗಳಲ್ಲಿರುವ ಈ ಮರಿ ಕಣ್ಣಿಗೆ ಕಾಣದಷ್ಟು ಚಿಕ್ಕದು. ಮಳೆಗಾಲದಿಂದ ಚಳಿಗಾಲದ ಮೊದಲ ಭಾಗದವರೆಗೆ ಇದರ ಹಾವಳಿ ಹೆಚ್ಚು. ಹುಲ್ಲು ಕೊಯ್ಯುವುದು, ಕಳೆ ತೆಗೆಯುವುದು, ಬದುವಿನ ಮೇಲೆ ಆಡು ಮೇಯಿಸುವುದು ಈ ದಿನಗಳಲ್ಲೇ ನಡೆಯುತ್ತವೆ. ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂತೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು ಮೂಡುತ್ತದೆ. ಅದು ನೋಯುವುದಿಲ್ಲ, ತುರಿಸುವುದೂ ಇಲ್ಲ. ಕಂಕುಳು, ತೊಡೆಸಂದು, ಉಡಿದಾರದ ಕೆಳಗೆ, ಸ್ತನದ ಕೆಳಗೆ, ಕಿವಿಯ ಹಿಂದೆ ಅಡಗಿರುತ್ತದೆ. ಎಲ್ಲ ರೋಗಿಗಳಲ್ಲಿ ಈ ಹಕ್ಕಳೆ ಕಾಣದು. ಕಂಡರೆ ಮಾತ್ರ ರೋಗದ ಬಹು ದೊಡ್ಡ ಸುಳಿವು.

ಈ ರೋಗಿಯ ಪಾಡು ಹಲವೆಡೆ ಒಂದೇ ತೆರ. ತೊಗರಿಯಲ್ಲಿ ಕಳೆ ತೆಗೆದು ಬಂದವಳಿಗೆ ಜ್ವರ. ಒಂದು ಸೂಜಿ, ಒಂದು ಬಾಟಲಿ ಸಲೈನ್. ಜ್ವರ ಇಳಿದು ಮತ್ತೆ ಏರುತ್ತದೆ. ರಕ್ತ ಪರೀಕ್ಷೆ ಮಾಡಿಸಿ ಟೈಫಾಯ್ಡ್ ಎನ್ನುತ್ತಾರೆ, ಔಷಧ ಬದಲಾಗುತ್ತದೆ. ಎಂಟನೆಯ ದಿನ ಉಸಿರಾಟ ಜೋರಾಗಿ, ಮಾತು ತೊದಲಿದಾಗ ಬೀದರಿಗೆ ಒಯ್ಯುತ್ತಾರೆ. ಅಲ್ಲಿ ಸೀರೆಯ ನಿರಿಗೆಯ ಕೆಳಗೆ ಕಪ್ಪು ಹಕ್ಕಳೆ ಕಾಣುತ್ತದೆ. ಮೊದಲ ದಿನವೇ ಯಾರಾದರೂ ನೋಡಿದ್ದರೆ ಕೆಲವೇ ರೂಪಾಯಿಗಳ ಗುಳಿಗೆಯಲ್ಲಿ ಮುಗಿಯುವ ಕೆಲಸವಿದು. ಟೈಫಾಯ್ಡ್ ಮತ್ತು ಟೈಫಸ್ ಹೆಸರುಗಳು ಹತ್ತಿರವಾದರೂ ರೋಗಗಳು ಬೇರೆ, ಔಷಧವೂ ಬೇರೆ. ಟೈಫಾಯ್ಡ್ ಹರಡುವುದು ಕೆಟ್ಟ ನೀರು ಮತ್ತು ಆಹಾರದಿಂದ.

ಇನ್ನೆರಡು ರೋಗಗಳ ಹೆಸರು ತಿಳಿದಿರಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರೂ ಜ್ವರಕ್ಕೆ ಬಲಿಯಾದಾಗ ಪತ್ತೆಯಾದ ಮಂಗನ ಕಾಯಿಲೆ ಒಂದು. ಇದೂ ಉಣ್ಣಿಯಿಂದಲೇ ಬರುತ್ತದೆ. ಮಲೆನಾಡಿಗೆ ಹೋಗಿ ಬಂದವರು ಇದನ್ನು ಮರೆಯಬಾರದು. ಇನ್ನೊಂದು, 2011ರ ಜನವರಿಯಲ್ಲಿ ಗುಜರಾತಿನಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಮನುಷ್ಯರಲ್ಲಿ ಖಚಿತವಾದ ಕ್ರಿಮಿಯನ್ ಕಾಂಗೋ ರಕ್ತಸ್ರಾವ ಜ್ವರ. ದನ ಕುರಿಗಳು ಇದರ ವೈರಸ್ಸನ್ನು ಹೊತ್ತರೂ ರೋಗ ತೋರಿಸುವುದಿಲ್ಲ. ಉಣ್ಣಿ ಕಚ್ಚುವುದರಿಂದಷ್ಟೇ ಅಲ್ಲ, ಅದನ್ನು ಬೆರಳಲ್ಲಿ ಹಿಸುಕಿದಾಗ ಚಿಮ್ಮುವ ರಕ್ತದಿಂದಲೂ ಇದು ತಗಲಬಹುದು. ಇವೆರಡೂ ವೈರಸ್ ರೋಗಗಳಾದ್ದರಿಂದ ಮುಂದೆ ಹೇಳುವ ಗುಳಿಗೆ ಇವಕ್ಕೆ ನಾಟುವುದಿಲ್ಲ. ಆಸ್ಪತ್ರೆಯ ಆರೈಕೆಯೇ ಬೇಕು.

ಉಣ್ಣಿಯನ್ನು ತೆಗೆಯುವ ಸರಿಯಾದ ವಿಧಾನ

1. ಮುಳ್ಳು ಕೀಳುವ ಚೂಪು ತುದಿಯ ಚಿಮಟದಿಂದ ಉಣ್ಣಿಯನ್ನು ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ, ತಲೆಯ ಭಾಗದಲ್ಲಿ ಹಿಡಿಯಬೇಕು. ಹೊಟ್ಟೆಯನ್ನು ಹಿಸುಕಬಾರದು.

2. ತಿರುಚದೆ, ಜಗ್ಗಾಡದೆ, ಒಂದೇ ಸಮನೆ ನೇರವಾಗಿ ಮೇಲಕ್ಕೆ ಎಳೆಯಬೇಕು.

3. ಚಿಮಟ ಇಲ್ಲದಿದ್ದರೆ ಬೆರಳಿಗೆ ಪ್ಲಾಸ್ಟಿಕ್ ಚೀಲ ಅಥವಾ ದಪ್ಪ ಬಟ್ಟೆ ಸುತ್ತಿಕೊಂಡು ತೆಗೆಯಬಹುದು. ಚಿಮಟಕ್ಕಾಗಿ ನಾಳೆಯವರೆಗೆ ಕಾಯಬಾರದು. ಉಣ್ಣಿ ಹೆಚ್ಚು ಹೊತ್ತು ಅಂಟಿದಷ್ಟೂ ರೋಗಾಣು ದಾಟುವ ಸಂಭವ ಹೆಚ್ಚು.

4. ಸೀಮೆಎಣ್ಣೆ, ಸುಣ್ಣ, ತಂಬಾಕು ಹಚ್ಚುವುದು, ಬೀಡಿಯ ಬೆಂಕಿ ಮುಟ್ಟಿಸುವುದು ಬೇಡ. ಇದರಿಂದ ಉಣ್ಣಿ ಇನ್ನಷ್ಟು ಜೊಲ್ಲು ಕಾರಬಹುದು. ಚರ್ಮ ಸುಡುವುದು ಬೇರೆ.

5. ಬಾಯಿಯ ಚೂರು ಒಳಗೆ ಉಳಿದರೆ ಸೂಜಿಯಿಂದ ಕೆದಕಬಾರದು. ಚರ್ಮ ತಾನೇ ಅದನ್ನು ಹೊರಹಾಕುತ್ತದೆ.

6. ಜಾಗವನ್ನೂ ಕೈಗಳನ್ನೂ ಸಾಬೂನಿನಿಂದ ತೊಳೆಯಬೇಕು. ಉಣ್ಣಿಯನ್ನು ಉಗುರಿನಲ್ಲಿ ಕುಕ್ಕದೆ, ಚಿಕ್ಕ ಶೀಸೆಯಲ್ಲಿ ಹಾಕಿ ಮುಚ್ಚಿಡಬೇಕು.

7. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಬೇಕು. ಅಲ್ಲಿಂದ ಒಂದು ತಿಂಗಳು ಮೈಮೇಲೆ ನಿಗಾ ಇರಲಿ.

ಕಚ್ಚಿತೆಂಬ ಒಂದೇ ಕಾರಣಕ್ಕೆ ಜ್ವರವಿಲ್ಲದೆ ಗುಳಿಗೆ ನುಂಗುವ ಅಗತ್ಯ ನಮ್ಮ ಸೀಮೆಯಲ್ಲಿಲ್ಲ.

ಜ್ವರ ಬಂದಾಗ

ಈ ಒಂದು ತಿಂಗಳಲ್ಲಿ ಜ್ವರ, ಗುಳ್ಳೆ, ಕಪ್ಪು ಹಕ್ಕಳೆ ಅಥವಾ ಅಗಲವಾಗುವ ಕೆಂಪು ಬಳೆ ಕಂಡರೆ ಅಂದೇ ವೈದ್ಯರ ಬಳಿ ಹೋಗಬೇಕು. ಅವರು ಕೇಳುವವರೆಗೆ ಕಾಯದೆ ಹೀಗೆ ಹೇಳಬೇಕು: “ಡಾಕ್ಟರ್ ಸಾಹೇಬ್ರೆ, ಹನ್ನೆರಡು ದಿನದ ಹಿಂದ ಉಣ್ಣಿ ಕಚ್ಚಿತ್ತು. ಎರಡು ದಿನದಿಂದ ಜ್ವರ ಅದ. ದಿನಾ ದನದ ಕೆಲಸ, ಹುಲ್ಲಿನ ಕೆಲಸ ಮಾಡ್ತೀನಿ.” ಈ ಮೂರು ಮಾತು ಅನೇಕ ಪರೀಕ್ಷೆಗಳಿಗಿಂತ ಹೆಚ್ಚು ದಾರಿ ತೋರಿಸುತ್ತವೆ. ಉಣ್ಣಿ ಕಚ್ಚಿದ್ದು ಗೊತ್ತಿಲ್ಲದಿದ್ದರೂ ಕೆಲಸದ ಬಗೆ ಹೇಳಲೇಬೇಕು. ಹೆಣ್ಣುಮಕ್ಕಳು ಸಂಕೋಚಪಡದೆ, ಮನೆಯ ಹಿರಿಯ ಹೆಂಗಸಿನಿಂದ ಅಥವಾ ಆಶಾ ಕಾರ್ಯಕರ್ತೆಯಿಂದ ಮೈ ಪೂರ್ತಿ ನೋಡಿಸಿಕೊಳ್ಳಬೇಕು.

ಟೈಫಸ್ ಜ್ವರಗಳಿಗೆ ಡಾಕ್ಸಿಸೈಕ್ಲಿನ್ ಎಂಬ ಗುಳಿಗೆ ಉತ್ತಮ ಔಷಧ. ದೊಡ್ಡವರಿಗೆ ವೈದ್ಯರು ಸಾಮಾನ್ಯವಾಗಿ 100 ಮಿಲಿಗ್ರಾಂ ಗುಳಿಗೆಯನ್ನು ದಿನಕ್ಕೆ ಎರಡು ಸಲದಂತೆ 7 ದಿನ ಕೊಡುತ್ತಾರೆ. ಮಕ್ಕಳಿಗೆ ತೂಕ ನೋಡಿ ಕೊಡುತ್ತಾರೆ. ಬಸುರಿಯರಿಗೆ ಅಜಿತ್ರೋಮೈಸಿನ್ ಕೊಡುವುದುಂಟು. ಲೈಮ್ ರೋಗದ ಮೊದಲ ಹಂತಕ್ಕೂ ಡಾಕ್ಸಿಸೈಕ್ಲಿನ್ನೇ ಔಷಧ; ಹತ್ತು ದಿನ ಅಥವಾ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಪೆನಿಸಿಲಿನ್ ಜಾತಿಯ ಔಷಧಗಳು ಟೈಫಸ್ಸಿಗೆ ಉಪಯೋಗವಿಲ್ಲ. ಮೊದಲ ವಾರದಲ್ಲಿ ರಕ್ತ ಪರೀಕ್ಷೆ ರೋಗವಿಲ್ಲವೆಂದು ತೋರಿಸಬಹುದು. ಆದ್ದರಿಂದ ಸಂಶಯ ಬಲವಾಗಿದ್ದರೆ ವೈದ್ಯರು ಫಲಿತಾಂಶಕ್ಕೆ ಕಾಯದೆ ಔಷಧ ಆರಂಭಿಸುತ್ತಾರೆ. ಟೈಫಸ್ ಆಗಿದ್ದರೆ ಬಹುಮಟ್ಟಿಗೆ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ಇಳಿಯಿತೆಂದು ಗುಳಿಗೆ ನಿಲ್ಲಿಸಬಾರದು. ಗುಳಿಗೆಯನ್ನು ಊಟದ ನಂತರ ತಂಬಿಗೆ ನೀರಿನೊಡನೆ ನುಂಗಿ, ಅರ್ಧ ತಾಸು ಮಲಗದಿರಬೇಕು. ಅಂಗಡಿಯಿಂದ ತಾವೇ ತಂದು ನುಂಗುವುದು ಸಲ್ಲದು. ಜ್ವರ ಬೇರೆಯದಾಗಿದ್ದರೆ ಮೋಸವಾಗುತ್ತದೆ.

ಉಸಿರಾಟದ ತೊಂದರೆ, ಮಂಪರು, ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು, ಮೂಗು ಅಥವಾ ಒಸಡಿನಿಂದ ರಕ್ತ ಬರುವುದು ಕಂಡರೆ ತಡಮಾಡದೆ ಭಾಲ್ಕಿಯ ತಾಲ್ಲೂಕು ಆಸ್ಪತ್ರೆಗೆ ಅಥವಾ ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೆ ಒಯ್ಯಬೇಕು.

ಕೊಟ್ಟಿಗೆಯಲ್ಲಿಯೇ ಹತೋಟಿ

ಮನುಷ್ಯನ ರಕ್ಷಣೆ ಕೊಟ್ಟಿಗೆಯಿಂದ ಆರಂಭವಾಗುತ್ತದೆ. ಗೋಡೆಯ ಬಿರುಕುಗಳನ್ನು ಮುಚ್ಚಿ ಸುಣ್ಣ ಬಳಿಯಬೇಕು. ಕಸ, ಹೆಂಡಿಯನ್ನು ದಿನವೂ ತೆಗೆಯಬೇಕು. ಬರೀ ದನಕ್ಕೆ ಔಷಧ ಹೊಡೆದರೆ ಸಾಲದು. ಸಂದುಗೊಂದಿನಲ್ಲಿರುವ ಮೊಟ್ಟೆಗಳಿಂದ ಹೊಸ ಮರಿಗಳು ಬರುತ್ತವೆ. ಪಶುವೈದ್ಯರು ಹೇಳಿದ ಔಷಧವನ್ನು ಹೇಳಿದ ಪ್ರಮಾಣದಲ್ಲಿ, ಹೇಳಿದ ಅಂತರದಲ್ಲಿ ದನಕ್ಕೂ ಗೋಡೆಗೂ ಬಳಸಬೇಕು. ಹತ್ತಿ, ತೊಗರಿಗೆ ತಂದ ಕೀಟನಾಶಕವನ್ನು ದನದ ಮೈಗೆ ಹಚ್ಚಬಾರದು. ನಾಯಿಯನ್ನೂ ಬಿಡಬಾರದು.

ದೇವಣಿ ದನಗಳಿಗಿಂತ ಮಿಶ್ರತಳಿ ಆಕಳುಗಳಿಗೆ ಉಣ್ಣಿಯ ಕಾಟ ಹೆಚ್ಚು. ಆಕಳಿಗೆ ವಿಪರೀತ ಜ್ವರ ಬಂದು ಹೆಗಲ ಮುಂದಿನ ಗಂಟು ಊದಿದರೆ ಥೈಲೇರಿಯಾ ರೋಗವಿರಬಹುದು. ಮೂತ್ರ ಕೆಂಪಾದರೆ ಬೆಬೆಸಿಯಾ ಇರಬಹುದು. ಎರಡಕ್ಕೂ ಔಷಧ ಉಂಟು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ತಜ್ಞರ ಸಲಹೆಯನ್ನೂ ಪಡೆಯಬಹುದು. ದನಕ್ಕೆ ಇಂಥ ಜ್ವರ ಬಂತೆಂದರೆ ಕೊಟ್ಟಿಗೆಯಲ್ಲಿ ಉಣ್ಣಿ ಹೆಚ್ಚಿದೆ ಎಂದರ್ಥ. ಮನೆಯವರೂ ಮೈ ನೋಡಿಕೊಳ್ಳಬೇಕು.

ಹುಲ್ಲಿನ ಕೆಲಸಕ್ಕೆ ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ತೊಡಬೇಕು. ಹುಲ್ಲಿನ ಮೇಲೆ ಬರಿಮೈಯಲ್ಲಿ ಒರಗಬಾರದು. ಸಂಜೆ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಮಕ್ಕಳ ತಲೆಗೂದಲು, ಕಿವಿಯ ಹಿಂಭಾಗ ನೋಡಬೇಕು.

ರೈತ ಬಾಂಧವರೆ, ಇದಿಷ್ಟರ ಸಾರ ನಾಲ್ಕು ಮಾತು. ಉಣ್ಣಿಯನ್ನು ಸರಿಯಾಗಿ ತೆಗೆಯುವುದು, ದಿನವನ್ನು ಗುರುತಿಡುವುದು, ಒಂದು ತಿಂಗಳು ಮೈ ಗಮನಿಸುವುದು, ಜ್ವರ ಬಂದರೆ ವೈದ್ಯರಿಗೆ ಉಣ್ಣಿಯ ಸುದ್ದಿ ಹೇಳುವುದು. ಇವುಗಳಲ್ಲಿ ಯಾವುದಕ್ಕೂ ಹಣ ಬೇಕಿಲ್ಲ. ಇಲ್ಲಿ ಕೇಳಿದ್ದನ್ನು ಮನೆಯ ಹೆಣ್ಣುಮಕ್ಕಳಿಗೂ ದನ ಕಾಯುವ ಹುಡುಗರಿಗೂ ತಿಳಿಸಿದರೆ ಈ ಭಾಷಣದ ಉದ್ದೇಶ ಸಫಲವಾದಂತೆ.