ಬೆಂಕಿಗಣ್ಣಿಗೆ ಸೇವಂತಿಗೆ



ಬೆಳಗ್ಗೆ ಎದ್ದೊಡನೆ ರೆಪ್ಪೆಗಳು ಗೀಜಿನಿಂದ ಅಂಟಿಕೊಂಡು, ಬಿಡಿಸಿದರೆ ಒಳಗೆಲ್ಲ ಕೆಂಡದಂತೆ ಕಾಣುವ ಬೇನೆಯನ್ನು ನಾವು ಕೆಂಗಣ್ಣೆನ್ನುತ್ತೇವೆ. ಚೀನೀ ಜನಸಾಮಾನ್ಯರ ಮಾತಿನಲ್ಲಿ ಅದು ಬೆಂಕಿಗಣ್ಣು. ಅವರ ಪ್ರಾಚೀನ ವೈದ್ಯಗ್ರಂಥವಾದ 'ಹುವಾಂಗ್‌ದಿ ನೇಯ್‌ಜಿಂಗ್' ನೇತ್ರಗಳನ್ನು ಯಕೃತ್ತಿನ ದ್ವಾರವೆಂದು ಭಾವಿಸುವುದರಿಂದ, ಕಣ್ಣಿನ ಉರಿಯು ಒಳಗೆಲ್ಲೋ ಹೊತ್ತಿದ ಕಿಚ್ಚಿನ ಹೊಗೆಯೆಂದೂ, ಒಲೆಯನ್ನು ಆರಿಸದೆ ಹೊಗೆಯೊಡನೆ ಸೆಣಸುವುದು ವ್ಯರ್ಥವೆಂದೂ ಅಲ್ಲಿಯ ವೈದ್ಯನು ಬಗೆಯುವನು. ಆದಕಾರಣ ಕಣ್ಣಿನ ಮದ್ದು ಬಹುಮಟ್ಟಿಗೆ ಹೊಟ್ಟೆಯನ್ನೇ ಸೇರುತ್ತದೆ.

ಅಂಥ ಮದ್ದುಗಳಲ್ಲಿ ಸುಪ್ರಸಿದ್ಧವಾದುದು ಹಾಂಗ್‌ಝೌ ಸೀಮೆಯ ಬಿಳಿಯ ಸೇವಂತಿಗೆ. ಶರತ್ಕಾಲದಲ್ಲಿ ಬಿಡಿಸಿ, ಹಬೆಯಲ್ಲಿ ಬೇಯಿಸಿ ಒಣಗಿಸಿದ ಹೂಗಳು ಹಪ್ಪಳದಂತೆ ಚಪ್ಪಟೆಯಾಗಿರುತ್ತವೆ. ಬಿಸಿನೀರಿನ ಬಟ್ಟಲಿಗೆ ನಾಲ್ಕಾರು ಹಾಕಿದರೆ ಎಸಳುಗಳು ಮೆಲ್ಲಮೆಲ್ಲನೆ ಬಿಚ್ಚಿ, ನೀರು ತಿಳಿಹಳದಿಗೆ ತಿರುಗುತ್ತದೆ. ಮೊದಲು ಆ ಹಬೆಗೆ ಮುಚ್ಚಿದ ಕಣ್ಣುಗಳನ್ನೊಡ್ಡಿ, ಬಳಿಕ ಕಷಾಯವನ್ನು ಕುಡಿಯುವುದು ವಾಡಿಕೆ. ಇದರ ಜೊತೆಗಾರನೆಂದರೆ, ಮೈಸೂರು ಸೀಮೆಯವರು ರೇಷ್ಮೆಹುಳುವಿಗೆಂದೇ ಬೆಳೆಸುವ ಹಿಪ್ಪುನೇರಳೆಯ ಎಲೆ. ಹಿಮ ಬಿದ್ದ ಮೇಲೆ ಕೊಯ್ದುದೇ ಶ್ರೇಷ್ಠವಂತೆ.

ಉರಿ ಉಗ್ರವಾದಲ್ಲಿ ಹ್ವಾಂಗ್‌ಲ್ಯೆನ್ ಎಂಬ ಹಳದಿ ಬೇರು ಬರುತ್ತದೆ. ಅದರ ಕಹಿ ಎಷ್ಟೆಂದರೆ, ಹೇಳಿಕೊಳ್ಳಲಾಗದ ಸಂಕಟವನ್ನು ಚೀನೀಯರು ಮೂಗನು ಹ್ವಾಂಗ್‌ಲ್ಯೆನ್ ತಿಂದುದಕ್ಕೆ ಹೋಲಿಸುತ್ತಾರೆ. ಅದರಲ್ಲಿರುವ ಬರ್ಬರೀನ್ ಎಂಬ ಕ್ಷಾರವಸ್ತು ಕೆಲವು ರೋಗಾಣುಗಳ ಬೆಳವಣಿಗೆಯನ್ನು ತಡೆಯಬಲ್ಲದು. ಆಯುರ್ವೇದವು ನೇತ್ರರೋಗಕ್ಕೆ ವಿಧಿಸುವ ದಾರುಹರಿದ್ರೆಯ ರಸಾಂಜನದಲ್ಲಿಯೂ ಅದೇ ಇರುವುದು ಕುತೂಹಲಕರ. ಹಾಗೆಂದು ಮನೆಯಲ್ಲಿ ಕುದಿಸಿದ ಕಷಾಯವನ್ನು ಕಣ್ಣಿಗೆ ಹನಿಸುವ ಸಾಹಸ ಬೇಡ. ನೋವು ತೀವ್ರವಾದರೆ, ದೃಷ್ಟಿ ಮಂಜಾದರೆ ತಡಮಾಡದೆ ನೇತ್ರವೈದ್ಯರನ್ನು ಕಾಣತಕ್ಕದ್ದು.

1578ರಲ್ಲಿ ಲಿ ಷಿಝೆನ್ ಎಂಬ ಪಂಡಿತನು 1,892 ದ್ರವ್ಯಗಳನ್ನು ವಿವರಿಸಿ ಪೂರೈಸಿದ ಮಹಾನಿಘಂಟಿನಲ್ಲಿ, ದೃಷ್ಟಿಯನ್ನು ತಿಳಿಗೊಳಿಸುವುದೆಂಬ ಅರ್ಥದ ಹೆಸರನ್ನೇ ಹೊತ್ತ ಜುವೆಮಿಂಗ್ ಎಂಬ ಬೀಜವೊಂದಿದೆ. ಅದು ಬೇರೆ ಯಾವುದೂ ಅಲ್ಲ, ಮಳೆ ಬಿದ್ದೊಡನೆ ನಮ್ಮ ದಾರಿಯ ಬದಿಯಲ್ಲೆಲ್ಲ ಏಳುವ ತಗಚೆ. ತುಳುನಾಡಿನವರು ಆಟಿಯ ತಿಂಗಳಲ್ಲಿ ಚಿಗುರು ಕಿತ್ತು ಪಲ್ಯ ಮಾಡುವ ತಜಂಕು. ಕುದುರೆಯ ಗೊರಸಿನಾಕಾರದ ಈ ಕಂದು ಬೀಜವನ್ನು ಹುರಿದರೆ ಕಾಫಿಯ ಘಮಲು ಏಳುತ್ತದೆ. ಅದರ ಕಷಾಯ ಕುಡಿದುದು ಅತಿಯಾದರೆ ಭೇದಿಯಾಗುವುದರಿಂದ, ಬಲ್ಲ ವೈದ್ಯನು ಕಣ್ಣುಬೇನೆಯವನಿಗೆ ಅದನ್ನು ಕೊಡುವ ಮುನ್ನ ಹೊಟ್ಟೆಯ ಸಮಾಚಾರವನ್ನು ಕೇಳಿಕೊಳ್ಳುವನು.