ಓರೆ ಬಿಸಿಲಿನಲ್ಲಿ ಕಾಣುವ ಊರು

ಮಕ್ಕಳೇ, ಇವತ್ತು ಯಾರೂ ವಾಸವಿಲ್ಲದ ಒಂದು ಊರಿಗೆ ಹೋಗೋಣ. ಅದಿರುವುದು ಐರ್ಲೆಂಡಿನ ಪಶ್ಚಿಮ ತುದಿಯ ಅಕಿಲ್ ದ್ವೀಪದಲ್ಲಿ. ಅಲ್ಲಿ ಸ್ಲೀವ್‌ಮೋರ್ ಎಂಬ ಬೆಟ್ಟವಿದೆ, ಎತ್ತರ 671 ಮೀಟರ್. ಅದರ ತಪ್ಪಲಿನ ಉದ್ದಕ್ಕೂ 80ಕ್ಕಿಂತ ಹೆಚ್ಚು ಕಲ್ಲುಮನೆಗಳು ಸಾಲಾಗಿ ನಿಂತಿವೆ. ಒಂದಕ್ಕೂ ಚಾವಣಿ ಇಲ್ಲ. ಗೋಡೆಗಳ ನಡುವೆ ಹುಲ್ಲು ಬೆಳೆದಿದೆ, ಕುರಿಗಳು ಮೇಯುತ್ತವೆ.

ಬನ್ನಿ, ಒಂದು ಮನೆಯೊಳಗೆ ಕಾಲಿಡೋಣ. ತಲೆ ಬಗ್ಗಿಸಬೇಕಿಲ್ಲ, ಮೇಲೆ ಬರೀ ಆಕಾಶ! ಇರುವುದು ಒಂದೇ ಕೋಣೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ದಪ್ಪ ಗೋಡೆ. ಕೆಲವು ಮನೆಗಳ ಗೋಡೆಯಲ್ಲಿ ಹಸು ಕಟ್ಟುವ ಬಳೆ ಈಗಲೂ ಇದೆ. ಹೌದು, ಒಂದು ಕಡೆ ಮನೆಮಂದಿ, ಇನ್ನೊಂದು ಕಡೆ ದನ, ಎಲ್ಲರೂ ಒಂದೇ ಸೂರಿನಡಿ. ಚಳಿಗಾಲದಲ್ಲಿ ದನಗಳ ಮೈಬಿಸಿಯೂ ಮನೆಯನ್ನು ಬೆಚ್ಚಗಿಡುತ್ತಿತ್ತು.

ಬಳೆ ಬಿದ್ದುಹೋದ ಮನೆಯಲ್ಲಿ ದನ ಯಾವ ಕಡೆ ನಿಂತಿತ್ತು? ಅದನ್ನು ಮಣ್ಣನ್ನೇ ಕೇಳಬಹುದು. ಸಗಣಿಯಲ್ಲಿ ರಂಜಕ ಎಂಬ ಧಾತು ಇರುತ್ತದೆ. ಅದು ಮಣ್ಣಿಗೆ ಅಂಟಿಕೊಂಡರೆ ಮಳೆ ಬಂದರೂ ಸುಲಭವಾಗಿ ತೊಳೆದುಹೋಗುವುದಿಲ್ಲ. ಮನೆಯ ಮೂಲೆಮೂಲೆಯಿಂದ ಚಿಟಿಕೆ ಮಣ್ಣು ತೆಗೆದು ಪರೀಕ್ಷಿಸಿದರೆ, ಕೊಟ್ಟಿಗೆಯಾಗಿದ್ದ ಕಡೆ ರಂಜಕ ಹೆಚ್ಚು ಸಿಗುತ್ತದೆ. ನೂರಾರು ವರ್ಷಗಳ ಹಿಂದೆ ಹಸು ನಿಂತ ಜಾಗ ಹೀಗೂ ಗೊತ್ತಾಗುತ್ತದಲ್ಲ, ನನಗೆ ಬಹಳ ಖುಷಿ ಕೊಡುವ ಸಂಗತಿ ಇದು.

ಈಗ ಹೊರಗೆ ನೋಡಿ. ಇಳಿಜಾರಿನಲ್ಲಿ ಉದ್ದುದ್ದ ಉಬ್ಬುಗಳು, ನಡುನಡುವೆ ತಗ್ಗುಗಳು. ನಡು ಮಧ್ಯಾಹ್ನ ಇವು ಅಷ್ಟಾಗಿ ಕಾಣವು. ನೋಟ್‌ಬುಕ್ಕಿನಲ್ಲಿ ಪೆನ್ನು ಒತ್ತಿ ಬರೆದರೆ ಕೆಳಗಿನ ಖಾಲಿ ಹಾಳೆಯಲ್ಲೂ ಅಚ್ಚು ಮೂಡುತ್ತದೆ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಕ್ಷರ ಓದಬಹುದು. ಇಲ್ಲೂ ಹಾಗೆಯೇ. ಸಂಜೆಯ ಓರೆ ಬಿಸಿಲಿಗೆ ಪ್ರತಿ ಉಬ್ಬಿನ ನೆರಳೂ ಪಕ್ಕದ ತಗ್ಗಿಗೆ ಬಿದ್ದು, ಇಡೀ ಬೆಟ್ಟ ಗೆರೆ ಎಳೆದಂತೆ ಕಾಣುತ್ತದೆ.

ಆ ಉಬ್ಬುಗಳು ಆಲೂಗಡ್ಡೆಯ ಏರುಮಡಿಗಳು. ಮಣ್ಣು ತೆಳು, ಮಳೆ ಜಾಸ್ತಿ. ಹಾಗಾಗಿ ಜನ ಗೊಬ್ಬರ ಹರಡಿ, ಎರಡೂ ಬದಿಯ ಮಣ್ಣನ್ನು ಗುದ್ದಲಿಯಿಂದ ಎತ್ತಿ ಮೇಲೆ ಮಗುಚಿ ಮಡಿ ಮಾಡುತ್ತಿದ್ದರು. ಕಡಲತೀರದವರು ಗೊಬ್ಬರಕ್ಕೆ ಕಡಲಪಾಚಿಯನ್ನೂ ಹೊತ್ತು ತರುತ್ತಿದ್ದರು. ಗೆಡ್ಡೆ ಮಡಿಯಲ್ಲಿ ಬೆಳೆಯುತ್ತಿತ್ತು, ನೀರು ತಗ್ಗಿನಲ್ಲಿ ಹರಿದುಹೋಗುತ್ತಿತ್ತು.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಅಂಗಮಾರಿ ರೋಗ ತಗುಲಿತು. ನಮ್ಮ ಹಾಸನದ ರೈತರನ್ನು ಕಾಡುವುದೂ ಇದೇ ರೋಗ. ಎಲೆ ಕಪ್ಪಾಗುತ್ತದೆ, ಗೆಡ್ಡೆ ಕೊಳೆಯುತ್ತದೆ. ಬಡವರ ಊಟವೆಂದರೆ ಆಲೂಗಡ್ಡೆಯೇ ಆಗಿದ್ದ ನಾಡು ಅದು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು; ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಸ್ಲೀವ್‌ಮೋರ್ ಊರೂ ಖಾಲಿಯಾಗತೊಡಗಿತು. ಆಮೇಲೂ ಬೇಸಿಗೆಯಲ್ಲಿ ದನ ಮೇಯಿಸಲು ಬಂದವರು ಇಲ್ಲಿನ ಕೆಲವು ಮನೆಗಳಲ್ಲಿ ತಂಗುತ್ತಿದ್ದರು. 20ನೇ ಶತಮಾನದಲ್ಲಿ ಅದೂ ನಿಂತಿತು.

1991ರಲ್ಲಿ ಇಲ್ಲಿ ಪುರಾತತ್ವ ಕಲಿಯುವ ವಿದ್ಯಾರ್ಥಿಗಳು ಉತ್ಖನನ ಶುರು ಮಾಡಿದರು. ಒಡೆದ ತಟ್ಟೆಯ ಚೂರಿನ ಮೇಲಿನ ಚಿತ್ತಾರ ನೋಡಿ, ಅದು ಯಾವ ಕಾಲದ್ದೆಂದು ಹೇಳಬಲ್ಲ ತಜ್ಞರಿದ್ದಾರೆ. ನೀವಾಗಿದ್ದರೆ ಮೊದಲು ಎಲ್ಲಿ ಅಗೆಯುತ್ತಿದ್ದಿರಿ? ನಾನಂತೂ ಬಾಗಿಲ ಹೊರಗೆ. ಮನೆ ಗುಡಿಸಿದ ಕಸ ಬಿದ್ದಿರುವುದು ಅಲ್ಲೇ ತಾನೇ!